ವೈದ್ಯರು ಬೇಡವೆಂದರೂ ಮನೆಗೆ ಹೋಗಬಹುದೇ?

ಪ್ರಶ್ನೆ: ನ್ಯುಮೋನಿಯಾಕ್ಕೆಂದು ಆಸ್ಪತ್ರೆ ಸೇರಿರುವ ತಂದೆ ಮೂರನೇ ದಿನಕ್ಕೇ ಮನೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾರೆ. ವೈದ್ಯರು ಒಪ್ಪುತ್ತಿಲ್ಲ. ಸಹಿ ಹಾಕಿ ಹೊರಟರೆ ಮತ್ತೆ ಸೇರಿಸಿಕೊಳ್ಳುವುದಿಲ್ಲವೇ?

ಉತ್ತರ: ಸೇರಿಸಿಕೊಳ್ಳುತ್ತಾರೆ. ಆ ಸಹಿ ಅಪಾಯ ತಿಳಿದಿದೆ ಎಂಬುದಕ್ಕೆ ದಾಖಲೆ ಅಷ್ಟೇ. ಆಸ್ಪತ್ರೆಯ ಬಾಗಿಲನ್ನು ಮುಚ್ಚುವುದಿಲ್ಲ, ಚಿಕಿತ್ಸೆಯಲ್ಲಾದ ತಪ್ಪನ್ನು ಮನ್ನಾ ಮಾಡುವುದೂ ಇಲ್ಲ. ಬುದ್ಧಿ ಸ್ಥಿಮಿತದಲ್ಲಿದ್ದರೆ ನಿರ್ಧಾರವೂ ಸಹಿಯೂ ತಂದೆಯವರದೇ, ನಿಮ್ಮದಲ್ಲ. ಆದರೆ ಜ್ವರಕ್ಕೋ ಆಮ್ಲಜನಕ ಇಳಿದೋ ವಯಸ್ಸಾದವರಿಗೆ ಗೊಂದಲವಾಗುವುದುಂಟು. "ಈಗ ಹೋದರೆ ಏನಾಗಬಹುದು?" ಎಂದು ಕೇಳಿ, ಅವರ ಮಾತಿನಲ್ಲೇ ಹೇಳಿಸಿ. ತಡವರಿಸಿದರೆ ಆ ಹಟವನ್ನು ನಿರ್ಧಾರವೆಂದುಕೊಳ್ಳಬೇಡಿ, ವೈದ್ಯರಿಗೆ ತಿಳಿಸಿ.

ಹಟದ ಕಾರಣವನ್ನೂ ಕೇಳಿ ನೋಡಿ. ಎಷ್ಟೋ ಸಲ ಅದು ನಿದ್ದೆಗೇಡು ಅಥವಾ ಖರ್ಚಿನ ಚಿಂತೆ. ಎರಡಕ್ಕೂ ದಾರಿ ಹುಡುಕಬಹುದು.

ಹೊರಡುವುದೇ ಖಚಿತವಾದರೆ ಹೇಳದೆ ಮಾತ್ರ ಹೋಗಬೇಡಿ. ಕೈಗೆ ಹಾಕಿದ ಡ್ರಿಪ್‌ ನಳಿಕೆ ಹಾಗೇ ಉಳಿದರೆ ಸೋಂಕಾಗಬಹುದು. ನರ್ಸ್ ತೆಗೆದ ಮೇಲೆ ಹತ್ತಿಯನ್ನು 2-3 ನಿಮಿಷ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಇನ್ನೂ ಹೊತ್ತು ಬೇಕು. ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಇಂಜೆಕ್ಷನ್‌ಗೆ ಬದಲಿ ಮಾತ್ರೆ, ಬಾಕಿ ವರದಿ ಸಿಗುವ ದಿನ ಕೇಳಿ ಪಡೆಯಿರಿ. ಮನೆಯಲ್ಲಿ ಏದುಸಿರು, ತುಟಿ ನೀಲಿಗಟ್ಟುವುದು, ಅಸಂಬದ್ಧ ಮಾತು ಕಂಡರೆ ಬೆಳಗಾಗಲೆಂದು ಕಾಯದೆ ಕರೆತನ್ನಿ.