ಎಲೆಕ್ಟ್ರಾನಿಕ್ ಊದುವಾದ್ಯ: ಆಟಿಕೆಯೇ, ವಾದ್ಯವೇ?

ಪ್ರಶ್ನೆ: ಬಹಳ ವರ್ಷಗಳಿಂದ ಸ್ಯಾಕ್ಸೋಫೋನ್ ನುಡಿಸುತ್ತಿದ್ದೇನೆ. ರಾತ್ರಿ ಹೊತ್ತು ಅಭ್ಯಾಸ ಮಾಡಿದರೆ ನೆರೆಮನೆಯವರಿಗೆ ತೊಂದರೆ. ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದಾದ ಎಲೆಕ್ಟ್ರಾನಿಕ್ ಊದುವಾದ್ಯವನ್ನು ಕೊಳ್ಳಬೇಕೆಂದಿದ್ದೇನೆ. ಜೊತೆಯ ವಾದಕರು ‘ಅದೊಂದು ಆಟಿಕೆ, ದುಡ್ಡು ದಂಡ’ ಎನ್ನುತ್ತಾರೆ. ಕೊಳ್ಳಲೇ, ಬೇಡವೇ?

ಉತ್ತರ: ರಾತ್ರಿಯ ಅಭ್ಯಾಸವೊಂದೇ ಕಾರಣವಾಗಿದ್ದರೆ ಬೇಡ. ಬೇರೆ ಕಾರಣಗಳಿಗಾಗಿ ಖಂಡಿತ ಕೊಳ್ಳಿ.

ಮೊದಲು ಬೇಡವೆಂದದ್ದೇಕೆ ಎಂದು ಹೇಳುತ್ತೇನೆ. ಸ್ಯಾಕ್ಸೋಫೋನಿನಲ್ಲಿ ನಾದ ಹುಟ್ಟುವುದು ಊದುವ ತುದಿಯಲ್ಲಿರುವ ರೀಡ್ ಎಂಬ ತೆಳು ಪಟ್ಟಿಯ ಕಂಪನದಿಂದ, ಅದನ್ನು ಹದದಲ್ಲಿ ಹಿಡಿಯುವುದು ತುಟಿ. ಎಷ್ಟು ಬಿಗಿ ಹಿಡಿಯಬೇಕು, ಗಂಟಲನ್ನು ಎಷ್ಟು ತೆರೆಯಬೇಕು, ಮಂದ್ರದಲ್ಲಿ ದವಡೆಯನ್ನು ಎಷ್ಟು ಸಡಿಲಿಸಬೇಕು ಎಂಬುದನ್ನೆಲ್ಲ ಮೈ ವರ್ಷಗಟ್ಟಲೆ ಕಲಿತಿರುತ್ತದೆ. ಎಲೆಕ್ಟ್ರಾನಿಕ್ ವಾದ್ಯದಲ್ಲಿ ಕಂಪಿಸುವ ರೀಡ್ ಇಲ್ಲ. ಕೆಲವು ಮಾದರಿಗಳಲ್ಲಿ ರೀಡಿನ ಆಕಾರದ್ದೊಂದು ಇರುತ್ತದೆ. ಅದು ನೀವು ಎಷ್ಟು ಕಚ್ಚುತ್ತಿದ್ದೀರಿ ಎಂದು ಅಳೆಯುತ್ತದೆಯೇ ಹೊರತು ನಾದ ಹುಟ್ಟಿಸುವುದಿಲ್ಲ. ಕೆಲವು ತಿಂಗಳು ಇದನ್ನೇ ನುಡಿಸಿ ಸ್ಯಾಕ್ಸೋಫೋನಿಗೆ ಮರಳಿದರೆ ಬೆರಳುಗಳು ಚುರುಕಾಗಿರುತ್ತವೆ, ತುಟಿಯ ಸ್ನಾಯುಗಳು ಸೋತಿರುತ್ತವೆ. ದೀರ್ಘ ಸ್ವರಗಳ ಸಾಧನೆಗೆ ನಿಮ್ಮ ಹಿತ್ತಾಳೆಯ ವಾದ್ಯವೇ ಆಗಬೇಕು, ಅದಕ್ಕೆ ಹಗಲಿನಲ್ಲಿ ಹೊತ್ತು ಹುಡುಕಿಕೊಳ್ಳಿ. ರಾತ್ರಿ ಹೆಡ್‌ಫೋನಿನಲ್ಲಿ ಆಗುವುದು ಹೊಸ ರಚನೆಯನ್ನು ಬಾಯಿಪಾಠ ಮಾಡುವುದು, ಕಷ್ಟದ ಶ್ರುತಿಗಳಲ್ಲಿ ಬೆರಳು ಓಡಿಸುವುದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಗುರುತು ಹಾಕಿಕೊಳ್ಳುವುದು. ಅದೂ ಕಡಿಮೆ ಲಾಭವೇನಲ್ಲ.

ಇನ್ನು ಆಟಿಕೆಯ ಮಾತು. ಈ ವಾದ್ಯವನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವರು ಯಾರೆಂದು ನಿಮ್ಮ ಗೆಳೆಯರಿಗೆ ನೆನಪಿಸಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬಿಲ್ ಬರ್ನಾರ್ಡಿ ರೂಪಿಸಿದ ಲಿರಿಕಾನ್ ಎಂಬ ಎಲೆಕ್ಟ್ರಾನಿಕ್ ಊದುವಾದ್ಯ ಮಾರುಕಟ್ಟೆಗೆ ಬಂದಾಗ ಅದನ್ನು ನುಡಿಸಿದವರಲ್ಲಿ ಹೆಸರಾಂತ ಸ್ಯಾಕ್ಸೋಫೋನ್ ವಾದಕರಾದ ಟಾಮ್ ಸ್ಕಾಟ್, ವೇಯ್ನ್ ಶಾರ್ಟರ್ ಇದ್ದರು. ಟ್ರಂಪೆಟ್ ವಾದಕ ನೈಲ್ ಸ್ಟೈನರ್ ತಮಗಾಗಿ ಕಟ್ಟಿಕೊಂಡ ವಾದ್ಯಗಳು 1987ರಲ್ಲಿ ಅಕಾಯ್ ಕಂಪನಿಯ ಮೂಲಕ ಇವಿಐ (ಟ್ರಂಪೆಟ್ ಬೆರಳುಕ್ರಮದ್ದು) ಮತ್ತು ಇಡಬ್ಲ್ಯುಐ (ಸ್ಯಾಕ್ಸೋಫೋನಿನಂತಹ ಬೆರಳುಕ್ರಮದ್ದು) ಎಂಬ ಹೆಸರುಗಳಲ್ಲಿ ಹೊರಬಂದವು; ಯಮಹಾದ ಡಬ್ಲ್ಯುಎಕ್ಸ್7 ಎಂಬ ಇಂತಹದೇ ವಾದ್ಯ ಬಂದದ್ದೂ ಅದೇ ವರ್ಷ. ಸ್ಟೈನರ್ ವಾದ್ಯವನ್ನು ಜಾಝ್ ವೇದಿಕೆಯಲ್ಲಿ ಮೆರೆಸಿದ ಮೈಕೆಲ್ ಬ್ರೆಕರ್ ಆ ವೇಳೆಗಾಗಲೇ ತಮ್ಮ ಪೀಳಿಗೆಯ ಅಗ್ರ ಟೆನರ್ ಸ್ಯಾಕ್ಸೋಫೋನ್ ವಾದಕರಲ್ಲಿ ಒಬ್ಬರು. ಸ್ಯಾಕ್ಸೋಫೋನಿನ ನಕಲಿ ದನಿ ಅವರಿಗೇಕೆ ಬೇಕಿತ್ತು? ಸ್ಯಾಕ್ಸೋಫೋನಿನಿಂದ ಹೊರಡದ ನಾದಗಳನ್ನು ಸ್ಯಾಕ್ಸೋಫೋನಿನ ಉಸಿರಿನಲ್ಲಿ ನುಡಿಸುವುದಕ್ಕಾಗಿ ಅವರು ಇದನ್ನು ಹಿಡಿದರು.

ಇದರ ಆಕರ್ಷಣೆಯೆಲ್ಲ ಇರುವುದು ಇಲ್ಲಿಯೇ. ಕೀಬೋರ್ಡಿನಲ್ಲಿ ಮನೆ ಒತ್ತಿದ ಕ್ಷಣಕ್ಕೆ ಸ್ವರದ ಹಣೆಬರಹ ಹೆಚ್ಚುಕಡಿಮೆ ನಿರ್ಧಾರವಾಗಿಬಿಡುತ್ತದೆ. ಊದುವವನಿಗೆ ಸ್ವರದ ಹುಟ್ಟು, ಬೆಳವಣಿಗೆ, ಸಾವು ಮೂರೂ ಕೈಯಲ್ಲಿರುತ್ತವೆ. ವಾದ್ಯದೊಳಗಿನ ಸೆನ್ಸರ್ ನಿಮ್ಮ ಉಸಿರಿನ ಒತ್ತಡವನ್ನು ಎಡೆಬಿಡದೆ ಅಳೆದು ಅಂಕಿಗಳಾಗಿ ಕಳುಹಿಸುತ್ತಿರುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳೂ ಕಂಪ್ಯೂಟರುಗಳೂ ಮಾತಾಡಿಕೊಳ್ಳುವ ಮಿಡಿ ಭಾಷೆಯಲ್ಲಿ ಸಾಮಾನ್ಯವಾಗಿ 0ಯಿಂದ 127ರವರೆಗೆ. ಆ ಅಂಕಿಯನ್ನು ನಾದದ ಯಾವ ಗುಣಕ್ಕೆ ಕಟ್ಟುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಸದ್ದಿನ ಪ್ರಮಾಣಕ್ಕೆ ಮಾತ್ರ ಕಟ್ಟಿದರೆ ಯಾರೋ ರೇಡಿಯೊ ಗುಂಡಿ ತಿರುಗಿಸುತ್ತಿರುವಂತೆ ಕೇಳುತ್ತದೆ. ನಿಜವಾದ ಊದುವಾದ್ಯದಲ್ಲಿ ಜೋರಾಗಿ ಊದಿದಾಗ ಮೇಲಿನ ಹರಾತ್ಮಕಗಳು (ಮೂಲಸ್ವರದ ಜೊತೆ ಮೊಳಗುವ ಎತ್ತರದ ನಾದಗಳು) ಹೆಚ್ಚುತ್ತವೆ, ನಾದ ಬೆಳಗುತ್ತದೆ, ಅಂಚು ಮೂಡುತ್ತದೆ. ಅದಕ್ಕಾಗಿ ಉಸಿರನ್ನು ಸಿಂಥಸೈಜರಿನ (ನಾದ ಹುಟ್ಟಿಸುವ ಸರ್ಕ್ಯೂಟಿನ) ಫಿಲ್ಟರಿಗೂ, ಅಂದರೆ ನಾದದ ಹೊಳಪನ್ನು ಹೆಚ್ಚುಕಡಿಮೆ ಮಾಡುವ ಭಾಗಕ್ಕೂ, ಜೋಡಿಸಬೇಕು. ಹಾಗೆ ಜೋಡಿಸಿದ ಮೇಲೆ ಸರ್ಕ್ಯೂಟಿನಿಂದ ಬರುವ ಅತ್ಯಂತ ಸಾಧಾರಣ ನಾದವೂ ಹಾಡುತ್ತದೆ.

ಅಂಗಡಿಗೆ ಹೋದಾಗ ಇದನ್ನು ಪರೀಕ್ಷಿಸಿ. ಕಾರ್ಖಾನೆಯಿಂದ ಬರುವ ಸಿದ್ಧನಾದಗಳಲ್ಲಿ ಹೆಚ್ಚಿನವಕ್ಕೆ ದೇವಾಲಯದ ಗುಮ್ಮಟದಷ್ಟು ಪ್ರತಿಧ್ವನಿ ಬಳಿದಿರುತ್ತಾರೆ, ಕಿವಿ ಮರುಳಾಗಲೆಂದು. ಆ ಪ್ರತಿಧ್ವನಿಯನ್ನು ಪೂರ್ತಿ ತೆಗೆದುಹಾಕಿ. ತೀರ ಸರಳವಾದ ಒಂದು ನಾದ ಆರಿಸಿಕೊಂಡು ಮಧ್ಯಸ್ಥಾಯಿಯ ಒಂದೇ ಸ್ವರವನ್ನು ನಿಶ್ಶಬ್ದದಿಂದ ಶುರುಮಾಡಿ, ನಿಧಾನವಾಗಿ ತುಂಬಿಸಿ, ಮತ್ತೆ ನಿಶ್ಶಬ್ದಕ್ಕೆ ಇಳಿಸಿ. ಸ್ವರ ‘ಟಪ್’ ಎಂದು ಹುಟ್ಟಿದರೆ ಸೆನ್ಸರಿನ ಆರಂಭಮಟ್ಟ ಹೆಚ್ಚಾಗಿದೆ. ಅರ್ಧ ಉಸಿರಿಗೇ ಪೂರ್ತಿ ಜೋರಾಗಿ ಅಲ್ಲೇ ನಿಂತರೆ ಸಂವೇದನೆ ಅತಿಯಾಗಿದೆ. ಇವೆರಡನ್ನೂ ನಿಮ್ಮ ಉಸಿರಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಮೊದಲ ವಾರವನ್ನು ಪೂರ್ತಿ ಇದಕ್ಕೇ ಕೊಟ್ಟರೂ ನಷ್ಟವಿಲ್ಲ. ಹೊಂದಿಸದೆಯೇ ‘ಜೀವವಿಲ್ಲದ ವಾದ್ಯ’ ಎಂದು ಮೂಲೆಗೆಸೆಯುವವರೇ ಹೆಚ್ಚು.

ಉಳಿದ ಅನುಕೂಲಗಳೂ ಇವೆ. ಆಲ್ಟೊ, ಟೆನರ್ ಎಂದು ಬೇರೆ ಬೇರೆ ಶ್ರುತಿಯ ವಾದ್ಯಗಳ ಲೆಕ್ಕಾಚಾರ ಒಂದು ಗುಂಡಿಯಲ್ಲಿ ಮುಗಿಯುತ್ತದೆ. ಸ್ಯಾಕ್ಸೋಫೋನಿನ ಎರಡೂವರೆ ಸ್ಥಾಯಿಯ ಎದುರು ಇಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಸ್ಥಾಯಿಗಳು ಬೆರಳಿನಳತೆಯಲ್ಲಿವೆ. ವೇದಿಕೆಯಲ್ಲಿ ಮೈಕ್ ಬೇಡ, ಆದ್ದರಿಂದ ಡ್ರಮ್ಮಿನ ಪಕ್ಕ ನಿಂತರೂ ಮೈಕಿನ ಕಿರುಚಾಟವಿಲ್ಲ. ಹೆಡ್‌ಫೋನ್ ಮಾತ್ರ ತಂತಿಯದ್ದೇ ಇರಲಿ. ಬ್ಲೂಟೂತ್ ಹೆಡ್‌ಫೋನಿನಲ್ಲಿ ನೀವು ಊದಿದ್ದು ಕಿವಿಗೆ ತಡವಾಗಿ ಬರುತ್ತದೆ, ಲಯ ಕೆಡುತ್ತದೆ. ಹಾಡು ಕೇಳಲು ಅಡ್ಡಿಯಾಗದ ಆ ವಿಳಂಬದೊಂದಿಗೆ ನುಡಿಸಲು ಸಾಧ್ಯವೇ ಇಲ್ಲ.

ಪ್ರಶ್ನೆ: ನಾನು ಬಿದಿರಿನ ಕೊಳಲು ನುಡಿಸುತ್ತೇನೆ. ರಂಧ್ರವನ್ನು ಅರ್ಧ ಮುಚ್ಚಿ, ಬೆರಳನ್ನು ಜಾರಿಸಿ ತರುವ ಗಮಕಗಳು ಇದರಲ್ಲಿ ಸಾಧ್ಯವೇ?

ಉತ್ತರ: ಬೆರಳಿನಿಂದ ಸಾಧ್ಯವಿಲ್ಲ, ಹೆಬ್ಬೆರಳಿನಿಂದ ಮತ್ತು ತುಟಿಯಿಂದ ಸಾಧ್ಯ. ಈ ವ್ಯತ್ಯಾಸ ನಿಮಗೆ ಸಣ್ಣದೋ ದೊಡ್ಡದೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಇದರಲ್ಲಿ ರಂಧ್ರದ ಬದಲು ಒತ್ತುವ ಕೀಲಿ ಅಥವಾ ಚರ್ಮದ ಸ್ಪರ್ಶವನ್ನು ಗುರುತಿಸುವ ಲೋಹದ ಬಿಲ್ಲೆ ಇರುತ್ತದೆ. ಎರಡಕ್ಕೂ ಸಾಮಾನ್ಯವಾಗಿ ಗೊತ್ತಿರುವುದು ಮುಚ್ಚಿದೆ, ತೆರೆದಿದೆ ಎಂಬ ಎರಡೇ ಸ್ಥಿತಿ; ಅರ್ಧ ಮುಚ್ಚಿದ್ದು ಅದರ ಲೆಕ್ಕಕ್ಕೆ ಬಾರದು. ಬದಲಿಗೆ ಅಕಾಯ್ ಮಾದರಿಯ ವಾದ್ಯಗಳಲ್ಲಿ ಬಲ ಹೆಬ್ಬೆರಳಿನ ಬಳಿ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವ ತಗಡುಗಳಿವೆ. ಎಡ ಹೆಬ್ಬೆರಳಿನ ಪಕ್ಕ ಇನ್ನೊಂದು ಪಟ್ಟಿ ಇದೆ; ಅದನ್ನು ಸೋಕಿಸಿಕೊಂಡು ಸ್ವರ ಬದಲಿಸಿದರೆ ಒಂದರಿಂದ ಇನ್ನೊಂದಕ್ಕೆ ನಾದ ಕಡಿಯದೆ ಹರಿಯುತ್ತದೆ. ರೋಲ್ಯಾಂಡ್ ಕಂಪನಿಯ ಏರೋಫೋನ್ ವಾದ್ಯದ ಕೆಲವು ಮಾದರಿಗಳಲ್ಲಿ ಮೌತ್‌ಪೀಸನ್ನು ಕಚ್ಚುವ ಬಿಗಿಯಿಂದ ಸ್ವರವನ್ನು ಬಾಗಿಸಬಹುದು.

ನನ್ನ ಅನುಭವದಲ್ಲಿ ಜಾರು ಸುಲಭವಾಗಿ ಕೈಹತ್ತುತ್ತದೆ, ಕೆಲವೊಮ್ಮೆ ಕೊಳಲಿಗಿಂತ ಉದ್ದವಾಗಿಯೂ ನಯವಾಗಿಯೂ ಬರುತ್ತದೆ. ಸ್ಫುರಿತದಂತಹವು ಬಿಡಿ ಸ್ವರಗಳ ತಟ್ಟುವಿಕೆಯಾದ್ದರಿಂದ ಸ್ಪರ್ಶದ ಬಿಲ್ಲೆಗಳ ಮೇಲೆ ಚಕಚಕನೆ ನಡೆಯುತ್ತವೆ. ಹೆಣಗಿಸುವುದು ಸ್ವರವನ್ನು ತೂಗಾಡಿಸುವ ಕಂಪಿತ. ಬೆರಳು ಮಾಡುತ್ತಿದ್ದ ಕೆಲಸವನ್ನು ಹೆಬ್ಬೆರಳಿಗೆ ಕಲಿಸಬೇಕು, ಅದು ಮೊಂಡುಬೆರಳು. ರಾಗಕ್ಕೆ ಬೇಕಾದಷ್ಟೇ ಅಗಲದ ತೂಗಾಟ ಬರುವುದಕ್ಕೆ ತಿಂಗಳುಗಳು ಬೇಕು, ತಾಳ್ಮೆ ಇಲ್ಲದಿದ್ದರೆ ಕೊಳಲಿನಲ್ಲೇ ಸುಖವಾಗಿರಿ. ಒಂದು ಎಚ್ಚರಿಕೆ: ವಾದ್ಯವನ್ನು ಹೊರಗಿನ ಸಿಂಥಸೈಜರಿಗೆ ಅಥವಾ ಕಂಪ್ಯೂಟರಿಗೆ ಜೋಡಿಸಿದರೆ, ಬಾಗಿಸುವ ವ್ಯಾಪ್ತಿ ಆ ಕಡೆ ಎಷ್ಟಿದೆ ಎಂದು ಮೊದಲು ನೋಡಿ. ನೀವು ಅರ್ಧಸ್ವರದ ಲೆಕ್ಕದಲ್ಲಿ ತಳ್ಳುವಾಗ ಅದು ಇಡೀ ಸ್ಥಾಯಿಯ ಲೆಕ್ಕದಲ್ಲಿ ಬಾಗಿದರೆ ಆಗುವ ಅಪಸ್ವರ ಕಿವಿಯಲ್ಲಿ ಬಹಳ ದಿನ ಉಳಿಯುತ್ತದೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಹಿನ್ನೆಲೆ ಸಂಗೀತ ಸಂಯೋಜಿಸುತ್ತೇನೆ. ನನ್ನ ವಯೊಲಿನ್, ಚೆಲ್ಲೊ ಸಾಲುಗಳು ಯಂತ್ರದಂತಿವೆ ಎಂಬ ದೂರು. ಊದುವಾದ್ಯ ಕಲಿತಿಲ್ಲ. ನನಗೆ ಇದರಿಂದ ಉಪಯೋಗವಿದೆಯೇ?

ಉತ್ತರ: ಬಹುಶಃ ಸ್ಯಾಕ್ಸೋಫೋನ್ ವಾದಕರಿಗಿಂತ ನಿಮಗೇ ಹೆಚ್ಚು ಉಪಯೋಗ. ಕಮಾನಿನ ಒತ್ತಡಕ್ಕೂ ಉಸಿರಿನ ಒತ್ತಡಕ್ಕೂ ನಡವಳಿಕೆಯಲ್ಲಿ ಹತ್ತಿರದ ನಂಟಿದೆ. ಕೀಬೋರ್ಡಿನಲ್ಲಿ ಸ್ವರಗಳನ್ನು ನುಡಿಸಿ, ಆಮೇಲೆ ಮೌಸಿನಿಂದ ಏರಿಳಿತದ ಗೆರೆ ಎಳೆಯುವವರು ಒಂದು ಸಾಲಿಗೆ ಅರ್ಧ ಗಂಟೆ ಕಳೆಯುತ್ತಾರೆ. ಊದುವವರು ಅದನ್ನು ಒಂದೇ ಸಲಕ್ಕೆ ನುಡಿಸಿ ಮುಗಿಸುತ್ತಾರೆ. ಮೇಲಾಗಿ ಉಸಿರಿಗೆ ಬಿಡುವು ಬೇಕಾದ್ದರಿಂದ ಸಾಲುಗಳ ನಡುವೆ ಜಾಗ ತಾನಾಗಿ ಹುಟ್ಟುತ್ತದೆ. ಯಂತ್ರದಂತಿದೆ ಎಂಬ ದೂರಿನಲ್ಲಿ ಅರ್ಧ ಪಾಲು ಈ ಜಾಗವಿಲ್ಲದಿರುವುದರದ್ದೇ.

ಬೆರಳುಕ್ರಮ ಕಲಿಯಲು ಮನಸ್ಸಿಲ್ಲವೆಂದರೆ ಅಡ್ಡದಾರಿಯೊಂದಿದೆ. ಕೀಲಿಗಳೇ ಇಲ್ಲದ, ಬರೀ ಉಸಿರನ್ನು ಅಳೆಯುವ ಉಪಕರಣ ಸಿಗುತ್ತದೆ. ಸ್ವರ ಕೈಯಲ್ಲಿ, ಭಾವ ಬಾಯಲ್ಲಿ. ಇದು ಹಳೆಯ ಉಪಾಯ; 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಕೀಬೋರ್ಡಿನಲ್ಲೇ ಇದನ್ನು ಜೋಡಿಸುವ ರಂಧ್ರವಿತ್ತು. ನಿಮ್ಮಂತಹವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಯಾವುದನ್ನು ತಂದರೂ ಮೊದಲ ದಿನ ‘ಊದಿದರೂ ಏನೂ ಆಗುತ್ತಿಲ್ಲ’ ಎನ್ನುತ್ತೀರಿ. ಉಸಿರಿನ ಅಂಕಿ ಸಾಮಾನ್ಯವಾಗಿ ಮಿಡಿಯ 2ನೆಯ ಕಂಟ್ರೋಲರಿನಲ್ಲಿ (ಅಂಕಿಗಳು ಹರಿಯುವ, ಸಂಖ್ಯೆ ಕೊಟ್ಟ ದಾರಿಗಳಲ್ಲೊಂದು) ಹೊರಡುತ್ತದೆ. ಕಂಪ್ಯೂಟರಿನ ತಂತಿವಾದ್ಯಗಳ ನಾದಸಂಗ್ರಹಗಳಲ್ಲಿ ಹೆಚ್ಚಿನವು ಏರಿಳಿತಕ್ಕೆ 1 ಮತ್ತು 11ನ್ನು ಕಾಯುತ್ತಿರುತ್ತವೆ. ಸೆಟ್ಟಿಂಗಿನಲ್ಲಿ ಅದನ್ನು ಬದಲಿಸಿದರೆ ಮುಗಿಯಿತು. ಜೊತೆಗೆ ಆಡಿಯೊ ಬಫರನ್ನು, ಅಂದರೆ ಕಂಪ್ಯೂಟರು ಸದ್ದನ್ನು ಹೊರಬಿಡುವ ಮುನ್ನ ಎಷ್ಟು ಕೂಡಿಟ್ಟುಕೊಳ್ಳುತ್ತದೆ ಎಂಬ ಸೆಟ್ಟಿಂಗನ್ನು, ನೋಡಿ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ ಬಫರ್ 1024 ಎಂದಿದ್ದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ 3ರ ಆಸುಪಾಸು. ಪಿಯಾನೊ, ಗಿಟಾರ್‌ಗಳಂತೆ ಮೀಟಿದೊಡನೆ ಅಡಗತೊಡಗುವ ನಾದಗಳನ್ನು ಮಾತ್ರ ಉಸಿರಿನಿಂದ ನುಡಿಸಲು ಹೋಗಬೇಡಿ. ಹಾಸ್ಯಾಸ್ಪದವಾಗಿರುತ್ತದೆ.

ಪ್ರಶ್ನೆ: ಟ್ರಂಪೆಟ್ ವಾದಕರಿಗೂ ಇಂತಹದ್ದು ಇದೆಯೇ? ಎಲ್ಲವೂ ಸ್ಯಾಕ್ಸೋಫೋನಿನ ಬೆರಳುಕ್ರಮದ್ದೇ ಕಾಣುತ್ತವೆ.

ಉತ್ತರ: ಇದೆ. ಮೇಲೆ ಹೇಳಿದ ಸ್ಟೈನರ್ ಮೊದಲು ಕಟ್ಟಿದ್ದೇ ಅದನ್ನು. ಇವಿಐಯಲ್ಲಿ ಬಲಗೈಗೆ ಮೂರು ವಾಲ್ವುಗಳ ಕ್ರಮವಿದೆ, ಸ್ಥಾಯಿ ಬದಲಿಸುವ ಕೆಲಸ ಎಡಗೈಯದು. ಹಾಲಿವುಡ್ ಚಿತ್ರಸಂಗೀತದಲ್ಲಿ ಜಡ್ ಮಿಲ್ಲರ್ ಇದನ್ನು ನುಡಿಸಿಯೇ ಹೆಸರಾದವರು. ಈಗಲೂ ಸ್ವೀಡನ್ನಿನ ಬರ್ಗ್ಲುಂಡ್ ಇದೇ ಕ್ರಮದ ನ್ಯೂಇವಿಐ ವಾದ್ಯವನ್ನು ತಯಾರಿಸುತ್ತಾರೆ. ತುಟಿಯಿಂದ ಹರಾತ್ಮಕ ಹಿಡಿಯುವ ಕಷ್ಟ ಇಲ್ಲಿಲ್ಲ, ಆ ಸುಖವೂ ಇಲ್ಲ.

ಪ್ರಶ್ನೆ: ಹೊಸದಾಗಿ ಕೊಂಡಿದ್ದೇನೆ. ವೇಗದ ಸಾಲುಗಳಲ್ಲಿ ನಾನು ನುಡಿಸದ ಸ್ವರಗಳು ನಡುವೆ ಚಿಟಿಚಿಟಿ ಎನ್ನುತ್ತವೆ. ಕೆಳತುದಿಯಿಂದ ನೀರು ತೊಟ್ಟಿಕ್ಕುತ್ತದೆ. ವಾದ್ಯ ಕೆಟ್ಟಿದೆಯೇ?

ಉತ್ತರ: ನೀರು ನಿಮ್ಮ ಉಸಿರಿನ ತೇವ, ಹೊರಹೋಗಲೆಂದೇ ದಾರಿ ಬಿಟ್ಟಿದ್ದಾರೆ. ನುಡಿಸಿದ ಮೇಲೆ ಮೌತ್‌ಪೀಸ್ ಕಳಚಿ ಒರೆಸಿ ಒಣಗಿಸಿ, ಅಷ್ಟೇ.

ಚಿಟಿಚಿಟಿ ನಿಮ್ಮ ಬೆರಳುಗಳದ್ದು. ಸ್ಯಾಕ್ಸೋಫೋನಿನ ಕ್ರಮದಲ್ಲಿ ಮಧ್ಯದ ‘ಸಿ’ಯಿಂದ ಮೇಲಿನ ‘ಡಿ’ಗೆ ಹೋಗುವಾಗ ಒಂದೇ ಬೆರಳು ಕೆಳಗಿದ್ದಲ್ಲಿ ಆರು ಬೆರಳು ಏಕಕಾಲಕ್ಕೆ ಬೀಳಬೇಕು. ಯಾರ ಬೆರಳೂ ಒಟ್ಟಿಗೆ ಬೀಳುವುದಿಲ್ಲ. ಹಿತ್ತಾಳೆಯ ಕೊಳವೆಯಲ್ಲಿ ಗಾಳಿಯ ಕಂಬಕ್ಕೆ ಹೊಸ ಸ್ವರಕ್ಕೆ ನೆಲೆಗೊಳ್ಳಲು ಕೊಂಚ ಹೊತ್ತು ಬೇಕಾದ್ದರಿಂದ ಈ ಹಿಂದುಮುಂದು ಮುಚ್ಚಿಹೋಗುತ್ತದೆ. ಸೆನ್ಸರ್ ಮಾತ್ರ ನಡುವಿನ ಪ್ರತಿಯೊಂದು ಸ್ಥಿತಿಯನ್ನೂ ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ಸ್ವರ ಬದಲಿಸುವ ಮುನ್ನ ಕೆಲವು ಮಿಲಿಸೆಕೆಂಡ್ ಕಾಯುವ ಸೆಟ್ಟಿಂಗ್ ಹಲವು ವಾದ್ಯಗಳಲ್ಲಿರುತ್ತದೆ. ಅದನ್ನು ಸ್ವಲ್ಪವೇ ಹೆಚ್ಚಿಸಿ, ಹೆಚ್ಚಾದಷ್ಟೂ ವಾದ್ಯ ಮಂದವಾಗುತ್ತದೆ. ಸ್ಪರ್ಶದ ಬಿಲ್ಲೆಗಳ ಮಾದರಿಯಾದರೆ ಇನ್ನೊಂದು ಕಾರಣವೂ ಇರಬಹುದು. ಸ್ಯಾಕ್ಸೋಫೋನಿನ ರೂಢಿಯಿಂದ ಬೆರಳನ್ನು ಕೀಲಿಯ ಮೇಲೆಯೇ ವಿಶ್ರಮಿಸಲು ಬಿಡುತ್ತೀರಿ, ಇಲ್ಲಿ ಸೋಕಿದರೆ ಒತ್ತಿದಂತೆಯೇ. ಮೆಟ್ರೊನೋಮ್ ಇಟ್ಟುಕೊಂಡು ಆ ‘ಸಿ–ಡಿ’ ಜೋಡಿಯನ್ನೇ ನಿಧಾನವಾಗಿ ಸಾಧಿಸಿ. ಇದರ ಫಲ ನಿಮ್ಮ ಸ್ಯಾಕ್ಸೋಫೋನಿನಲ್ಲೂ ಕಾಣುತ್ತದೆ.

ಪ್ರಶ್ನೆ: ಯಾವ ಮಾದರಿ ಕೊಳ್ಳಲಿ?

ಉತ್ತರ: ಸ್ಯಾಕ್ಸೋಫೋನ್ ಬಲ್ಲವರಿಗೆ ಚಲಿಸುವ ಕೀಲಿಗಳ ಏರೋಫೋನ್ ಬೇಗ ಒಗ್ಗುತ್ತದೆ. ಯಮಹಾದ ವೈಡಿಎಸ್-150ರಲ್ಲಿ ಹಿತ್ತಾಳೆಯ ನಿಜವಾದ ಬೆಲ್ (ಅಗಲ ಬಾಯಿಯ ತುದಿ) ಇದೆ, ಕಂಪನ ಕೈಗೆ ತಾಗುತ್ತದೆ. ಸ್ಯಾಕ್ಸೋಫೋನೇ ಬೇಕು ಆದರೆ ಸದ್ದು ಬೇಡ ಎನ್ನುವವರಿಗೆ ಅದು. ನಾದದ ಹೊಸ ಲೋಕ ಬೇಕೆನ್ನುವವರಿಗೆ, ಮೊದಲ ತಿಂಗಳ ಗೋಳು ಸಹಿಸುವವರಿಗೆ ಅಕಾಯ್ ಮಾದರಿಯ ಸ್ಪರ್ಶದ ವಾದ್ಯ. ನನ್ನ ಒಲವು ಇದರ ಕಡೆಗೇ. ಎಷ್ಟು ನೂರು ನಾದಗಳಿವೆ ಎಂಬ ಜಾಹೀರಾತಿಗೆ ಬೆಲೆ ಕೊಡಬೇಡಿ, ನೀವು ಬಳಸುವುದು ನಾಲ್ಕೈದನ್ನು. ಯಾರೋ ಬಳಸಿದ್ದನ್ನು ಕೊಳ್ಳುವುದಾದರೆ ಮೌತ್‌ಪೀಸಿನ ರಬ್ಬರ್ ಹರಿದಿದೆಯೇ, ಅದಕ್ಕೆ ಬಿಡಿಭಾಗ ಇನ್ನೂ ಸಿಗುತ್ತದೆಯೇ, ಬ್ಯಾಟರಿಯನ್ನು ಬದಲಿಸಬಹುದೇ ಎಂಬ ಮೂರನ್ನು ವಿಚಾರಿಸಿಕೊಂಡೇ ಹಣ ಕೊಡಿ.