'ಚಾನ್ಸ್ ಇದೆ' ಬೇರೆ, 'ಚಾನ್ಸಸ್ ಆರ್' ಬೇರೆ

ತಮ್ಮಾ, ಸಾಗರದವನು ಅಂತ ಓದಿ ಖುಷಿಯಾಯಿತು. ನಮ್ಮದು ತೀರ್ಥಹಳ್ಳಿ ಕಡೆ, ಇಂಗ್ಲೆಂಡಿನ ಲೀಡ್ಸಿಗೆ ಬಂದು ಹದಿನಾರು ವರ್ಷ. ನೀನು ಕೇಳಿದ್ದು ಎರಡು. ಬಾಡಿಗೆ ಮನೆಯ ಡಿಪಾಜಿಟ್ಟಿಗೆ ಆಫೀಸಿನ ಗೆಳೆಯನ ಹತ್ತಿರ ದುಡ್ಡು ಬೇಕಾಗಬಹುದು, 'ಚಾನ್ಸಸ್ ಆರ್, ಐ ವಿಲ್ ಬಾರೋ ಸಮ್ ಮನಿ ಫ್ರಮ್ ಯೂ' ಅಂತ ಮೆಸೇಜ್ ಹಾಕಲಾ ಅಂತ ಒಂದು. ಆ್ಯಪ್‌ನಲ್ಲಿ ಕ್ರೆಡಿಟ್ ಕಾರ್ಡ್ ಸಿಗುವ ಚಾನ್ಸ್ ಶೇಕಡಾ 80 ಅಂತ ತೋರಿಸುತ್ತಿದೆ, ನಂಬಲಾ ಅಂತ ಇನ್ನೊಂದು.

ಹಾಗೆ ಮೆಸೇಜ್ ಹಾಕಬೇಡ ಮಾರಾಯ. ನಾನು ಹಾಗೆ ಹೇಳಿ ಕೆಟ್ಟವನು. ಬಂದ ಮೊದಲ ಚಳಿಗಾಲ, ಸಂಬಳ ತಡವಾಗುತ್ತೆ ಅಂತ ಗೊತ್ತಾಗಿ ಇದೇ ಮಾತನ್ನು ಪಕ್ಕದ ಸೀಟಿನವನಿಗೆ ಹೇಳಿದ್ದೆ, ಮುನ್ನೂರು ಪೌಂಡ್ ಅಂತ. ನನ್ನ ತಲೆಯಲ್ಲಿ ಇದ್ದದ್ದು ನಮ್ಮ 'ಚಾನ್ಸ್ ಇದೆ', ಅಂದರೆ ಬೇಕಾದರೂ ಬೇಕಾಯಿತು, ಬೇಡವಾದರೂ ಆಯಿತು. ಇಂಗ್ಲಿಷಿನವರಿಗೆ 'ಚಾನ್ಸಸ್ ಆರ್' ಅಂದರೆ ಆಗುವ ಸಾಧ್ಯತೆಯೇ ಹೆಚ್ಚು, 'ಬಹುಮಟ್ಟಿಗೆ ತಗೊಂಡೇ ತಗೊಳ್ತೀನಿ' ಅಂದಹಾಗೆ. ಸಂಬಳ ಸರಿಯಾಗಿಯೇ ಬಂತು, ನಾನು ಸುಮ್ನಿದ್ದೆ. ಪಾಪ, ಅವನು ಕಾರಿನ ರಿಪೇರಿ ಮುಂದೆ ಹಾಕಿ ನನಗೋಸ್ಕರ ದುಡ್ಡು ಎತ್ತಿಟ್ಟುಕೊಂಡು ಕಾಯುತ್ತಿದ್ದ. ವಾರ ಆದಮೇಲೆ 'ಬೇಕಾ, ಬೇಡ್ವಾ' ಅಂತ ಅವನೇ ಕೇಳಿದಾಗ ನನಗೆ ಮುಖ ಎತ್ತೋಕಾಗಲಿಲ್ಲ.

ನಿನಗೆ ಬೇಕಾಗಿರುವುದು 'ಐ ಮೈಟ್ ನೀಡ್ ಟು ಬಾರೋ'. ಆ 'ಮೈಟ್' ನಮ್ಮ 'ಬೇಕಾಗಬಹುದು'ಗೆ ಹತ್ತಿರ. ಆದರೆ ಈ 'ಬಹುದು' ಕೂಡ ಮೋಸದ ಮಾಲು. ಊರಲ್ಲಿ ಸೊಸೈಟಿ ಸೆಕ್ರೆಟರಿ ಬೆಳೆಸಾಲಕ್ಕೆ 'ಆಗಬಹುದು' ಅಂದರೆ ಕೆಲಸ ಆಯಿತು ಅಂತಲೇ ಅರ್ಥ, 'ನೋಡೋಣ' ಅಂದರೆ ಮನೆಗೆ ಹೋಗು ಅಂತ, ಅಲ್ವಾ? ಇಲ್ಲಿ ಬ್ಯಾಂಕಿನವರು 'ಯೂ ಮೇ ಬಿ ಎಲಿಜಿಬಲ್' (ನಿನಗೆ ಅರ್ಹತೆ ಇರಬಹುದು) ಅಂದರೆ ನಮ್ಮ ಸೆಕ್ರೆಟರಿಯ 'ಆಗಬಹುದು' ಅಂದುಕೊಳ್ಳಬೇಡ, ಅದು 'ನೋಡೋಣ' ಅಷ್ಟೇ. ಹಾಂ, 'ಕ್ಯಾನ್ ಯೂ ಬಾರೋ ಮಿ' ಅಂತಲೂ ಬರೆಯಬೇಡ, ತಗೊಳ್ಳುವವನದು 'ಬಾರೋ', ಕೊಡುವವನದು 'ಲೆಂಡ್'. ಸಕ್ಕರೆಗೆ ಕಡ, ಗುದ್ದಲಿಗೆ ಎರವಲು, ದುಡ್ಡಿಗೆ ಸಾಲ ಅನ್ನುವ ನಮಗೆ ಒಂದೇ 'ಬಾರೋ' ಎಲ್ಲಕ್ಕೂ ಸಾಕು ಅಂದರೆ ಗಲಿಬಿಲಿ ಆಗೋದೇ.

ಇನ್ನು ಆ್ಯಪ್ ತೋರಿಸುವ ಆ ಶೇಕಡಾ 80. ಅದು ಲೆಕ್ಕಾಚಾರದ ಅಂದಾಜು, ಮಂಜೂರಾತಿ ಅಲ್ಲ. ಅಲ್ಲಿ ನೋಡೋಕೆ ಅವರು ಮಾಡುವುದು ಸಾಫ್ಟ್ ಸರ್ಚ್, ಅಂದರೆ ನಿನ್ನ ಸಾಲದ ದಾಖಲೆಯ ಮೇಲ್ನೋಟದ ತಪಾಸಣೆ, ನಿನ್ನ ಕ್ರೆಡಿಟ್ ಸ್ಕೋರಿಗೆ ಏನೂ ಆಗಲ್ಲ. ನಿಜವಾಗಿ ಅರ್ಜಿ ಹಾಕಿದಾಗ ಹಾರ್ಡ್ ಸರ್ಚ್, ಅಂದರೆ ಪೂರ್ತಿ ತಪಾಸಣೆ ಆಗುತ್ತದೆ, ಅದು ಬೇರೆ ಬ್ಯಾಂಕಿನವರಿಗೂ ಕಾಣುತ್ತದೆ. ಒಂದು ಕಡೆ ಸಿಗಲಿಲ್ಲ ಅಂತ ಅದೇ ವಾರ ನಾಲ್ಕು ಕಡೆ ಹಾಕಿದರೆ ಇವನಿಗೇನೋ ದುಡ್ಡಿನ ತಾಪತ್ರಯ ಅಂದುಕೊಳ್ಳುತ್ತಾರೆ. ಊರಿನ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಇಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಜಾಹೀರಾತಿನಲ್ಲಿ ಕಾಣುವ 'ರೆಪ್ರೆಸೆಂಟೇಟಿವ್ ಎಪಿಆರ್' (ಶುಲ್ಕ ಸೇರಿಸಿದ ವರ್ಷದ ಬಡ್ಡಿದರ) ಇನ್ನೊಂದು ಮಾತಿನ ಚಮತ್ಕಾರ: ಒಪ್ಪಿಗೆ ಸಿಕ್ಕವರಲ್ಲಿ ಕನಿಷ್ಠ ಶೇಕಡಾ 51 ಜನರಿಗೆ ಆ ದರ ಅಥವಾ ಅದಕ್ಕಿಂತ ಕಮ್ಮಿ ಸಿಕ್ಕರೆ ಸಾಕು. ಮಿಕ್ಕವರಿಗೆ ಬಡ್ಡಿ ಜಾಸ್ತಿಯೇ ಬೀಳಬಹುದು, ಹೊಸಬ ನೀನು ಆ ಗುಂಪಿನಲ್ಲೇ ಇರ್ತೀಯ ಅಂತ ನನ್ನ ಅಂದಾಜು.

ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸು. ಕಾಮನ್‌ವೆಲ್ತ್ ದೇಶದವರು ಅಂತ ವೀಸಾದಲ್ಲಿರುವ ಭಾರತೀಯರಿಗೂ ಇಲ್ಲಿ ಮತ ಹಾಕುವ ಹಕ್ಕಿದೆ, ಪಟ್ಟಿಯಲ್ಲಿ ಹೆಸರಿದ್ದರೆ ಸಾಲ ಕೊಡುವವರಿಗೆ ನಿನ್ನ ವಿಳಾಸ ಖಾತ್ರಿಯಾಗುತ್ತದೆ.

ಡಿಪಾಜಿಟ್ ಎಷ್ಟು ಕೇಳಿದ್ದಾರೆ ಅಂತ ನೀನು ಬರೆದೇ ಇಲ್ಲ. ಇಂಗ್ಲೆಂಡಿನಲ್ಲಿ 2019ರ ಕಾನೂನು ಬಂದಮೇಲೆ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ತಲೆಯಲ್ಲಿಟ್ಟುಕೊಂಡು ಸಾಲ ಹುಡುಕ್ತಾ ಇದೀಯೋ ಏನೋ! ಅದನ್ನು ನೋಡಿ ಹೇಳು. ಆಮೇಲೂ ಬೇಕಾದರೆ ಗೆಳೆಯನಿಗೆ ಎಷ್ಟು, ಯಾವತ್ತು ವಾಪಸ್, ಬೇಕೋ ಬೇಡವೋ ಅಂತ ಯಾವತ್ತು ತಿಳಿಸ್ತೀಯ, ಇಷ್ಟನ್ನು ಬರೆದು ಕಳಿಸು.