ಪಾಲ್ಬೋಸಿಕ್ಲಿಬ್ ಕೀಮೋನಾ? ಡಿಎನ್‌ಎ ರಿಪೇರಿಗೂ ಅದಕ್ಕೂ ಏನು ಸಂಬಂಧ?

ಅತ್ತೆಯವರ ಸ್ತನ ಕ್ಯಾನ್ಸರಿಗೆ ಬರೆದುಕೊಟ್ಟ ಪಾಲ್ಬೋಸಿಕ್ಲಿಬ್ ಬಗ್ಗೆ ಕೇಳಿದ್ದೀರಿ. ಹಳೆಯ ಅರ್ಥದ ಕೀಮೋ ಅಲ್ಲ. ಜೀವಕೋಶ ಎರಡಾಗಬೇಕಾದರೆ ಸಿಡಿಕೆ ಎಂಬ ಕೈನೇಸ್‌ಗಳು (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳು) ಹಸಿರು ನಿಶಾನೆ ತೋರಿಸಬೇಕು. ಈ ಔಷಧ ಸಿಡಿಕೆ 4 ಮತ್ತು 6ನ್ನು ತಡೆಯುತ್ತದೆ. ಕೋಶ ಡಿಎನ್‌ಎ ನಕಲು ಮಾಡುವ ಮೊದಲೇ ನಿಂತುಬಿಡುತ್ತದೆ. ಮೂಳೆಮಜ್ಜೆಯ ಕೋಶಗಳೂ ನಿಲ್ಲುವುದರಿಂದ ಬಿಳಿ ರಕ್ತಕಣ ಇಳಿಯುತ್ತವೆ. 21 ದಿನ ನುಂಗಿ 7 ದಿನ ಬಿಡುವುದು, ನಡುನಡುವೆ ರಕ್ತಪರೀಕ್ಷೆ, ಎಲ್ಲ ಅದಕ್ಕೇ. ಜ್ವರ ಬಂದರೆ ಕಾಯಬೇಡಿ, ಡಾಕ್ಟರಿಗೆ ಹೇಳಿ.

ಡಿಎನ್‌ಎ ರಿಪೇರಿಯದು ಬೇರೆ ಕತೆ, ನನಗೆ ಹೆಚ್ಚು ರುಚಿಸುವುದೂ ಅದೇ. ಮಲ್ಪೆಯಲ್ಲಿ ಜೂನ್, ಜುಲೈ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವುದಿಲ್ಲ; ಆಗಲೇ ಬಲೆ ಹರಡಿ ಕೂತು ಹರಿದಲ್ಲಿ ಗಂಟು ಹಾಕುವುದು. ಡಿಎನ್‌ಎ ತುಂಡಾದಾಗ ಎಟಿಆರ್, ಚೆಕ್1, ವೀ1 ಕೈನೇಸ್‌ಗಳು ಕೋಶಕ್ಕೆ ಇಂಥದ್ದೇ ರಜೆ ಹಾಕಿಸುತ್ತವೆ. ವೀ1 ಅಂತೂ ವಿಭಜನೆ ಶುರುಮಾಡಿಸುವ ಸಿಡಿಕೆ 1ಕ್ಕೆ ಫಾಸ್ಫೇಟ್ ಅಂಟಿಸಿ ಕಟ್ಟಿಹಾಕುತ್ತದೆ. ಆ ವೀ1ನ್ನೇ ತಡೆದರೆ? ಹರಿದ ಬಲೆ ಹೇರಿಕೊಂಡು ಬೋಟು ಹೊರಟಂತೆ: ಕೋಶ ತುಂಡಾದ ಡಿಎನ್‌ಎ ಹೊತ್ತೇ ವಿಭಜನೆಗಿಳಿದು ಸಾಯುತ್ತದೆ. ಡಿಎನ್‌ಎಗೆ ಪೆಟ್ಟಾದಾಗ ಕೋಶವನ್ನು ತಡೆಯುವ ಪಿ53 ಎಂಬ ಪ್ರೋಟೀನ್ ಕೆಟ್ಟ ಗೆಡ್ಡೆಗಳಲ್ಲಿ, ನಕಲಿಗೆ ಮುಂಚಿನ ಮೊದಲ ತಡೆ ಸರಿಯಿರುವುದಿಲ್ಲ, ವಿಭಜನೆಗೆ ಮುಂಚಿನ ಈ ಎರಡನೆಯದೇ ಆಸರೆ. ಹಾಗಾಗಿ ಪೆಟ್ಟು ಅವಕ್ಕೇ ಜಾಸ್ತಿ ಎಂಬ ಲೆಕ್ಕದಲ್ಲಿ ವೀ1 ತಡೆಯುವ ಔಷಧಗಳ ಪ್ರಯೋಗ ರೋಗಿಗಳಲ್ಲಿ ನಡೆದಿದೆ.